ರೀಡರಿನೊಳಗಿನ ಅಕ್ಕ

ಪುಸ್ತಕ ತುಂಬಿದ ಲಾರಿ ಶಾಲೆಯ ಗೇಟು ದಾಟಿ ಹೋದಾಗ ಗ್ರಂಥಪಾಲಕಿ ಅಳಲಿಲ್ಲ. ಅಳುತ್ತಾಳೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ಆಟದ ಮೇಷ್ಟ್ರಂತೂ ಮುಂಜಾಗ್ರತೆಗೆ ಒಂದು ಲೋಟ ನೀರು ಹಿಡಿದು ಪಕ್ಕದಲ್ಲೇ ನಿಂತಿದ್ದರು. ಅವಳು ಅಂಗೈಯ ಧೂಳು ಕೊಡವಿಕೊಂಡು, ಆ ನೀರನ್ನು ಗಟಗಟನೆ ಕುಡಿದು, "ಸದ್ಯ, ಇನ್ನಾದ್ರೂ ಬೆನ್ನುನೋವು ಕಮ್ಮಿ ಆಗುತ್ತೆ" ಎಂದು ಒಳಗೆ ಹೋದಳು.

ಅದು ನಾಟಕವಲ್ಲ. ಇಪ್ಪತ್ತು ವರ್ಷ ಆ ಪುಸ್ತಕಗಳ ಜೊತೆ ಬಾಳ್ವೆ ಮಾಡಿದವಳಿಗೆ ಅವುಗಳ ಗುಣದಷ್ಟೇ ಅವಗುಣವೂ ಗೊತ್ತಿತ್ತು. ಹುಳ ತಿಂದ ರಟ್ಟುಗಳಿಗೆ ಅಂಟು ಬಳಿದು ಬಳಿದು ಅವಳ ಬೆರಳ ತುದಿ ಸದಾ ಬಿರುಸು. ಒಳ್ಳೆಯ ಕಥೆಪುಸ್ತಕವೊಂದು ಬಂದರೆ ಅದಕ್ಕೆ ಎಂಟು ಮಕ್ಕಳು ಕಿತ್ತಾಡಿ, ಕೊನೆಗೆ ರಟ್ಟು ಒಬ್ಬನ ಪಾಲಿಗೆ, ಹಾಳೆ ಇನ್ನೊಬ್ಬಳ ಪಾಲಿಗೆ. ಆದ್ದರಿಂದಲೇ ಮುಖ್ಯೋಪಾಧ್ಯಾಯಿನಿ ಅವಳನ್ನು ಕರೆದು, "ಎಲ್ಲ ಇ-ರೀಡರ್ ಮಾಡೋಣ ಅಂತಿದ್ದಾರೆ ಮೇಲಿನವರು, ನೀವೇನಂತೀರಿ?" ಎಂದಾಗ ಅವಳು ಕ್ಷಣವೂ ಯೋಚಿಸದೆ ಹೂಂ ಅಂದಿದ್ದಳು. ಗಟ್ಟಿಮುಟ್ಟಾದವನ್ನು ಒಂದು ಬೀರುವಿನಷ್ಟು ಉಳಿಸಿಕೊಂಡು, ಮಿಕ್ಕಿದ್ದನ್ನು ಬೇರೆ ಶಾಲೆಗಳಿಗೆ ಕಳಿಸಿದ್ದಾಗಿತ್ತು.

ಅವಳಿಗೆ ಬೇಕಿದ್ದುದು ಒಂದೇ, ಸದ್ದಿಲ್ಲದ ಕೋಣೆ. ಮಕ್ಕಳು ಬೆನ್ನ ಹಿಂದೆ 'ಉಶ್ ಮೇಡಂ' ಎನ್ನುತ್ತಿದ್ದುದು ಅವಳಿಗೂ ಗೊತ್ತಿತ್ತು, ಅದರ ಬಗ್ಗೆ ಸಣ್ಣ ಹೆಮ್ಮೆಯೂ ಇತ್ತು. ಈ ಹೊಸ ಸಾಮಾನು ಬಂದರೆ ಪುಟ ಮಗುಚುವ ಸರಬರವೂ ಇರುವುದಿಲ್ಲವಲ್ಲ ಎಂದು ಒಳಗೊಳಗೇ ಹಿಗ್ಗಿದ್ದಳು.

ರೀಡರುಗಳ ಪೆಟ್ಟಿಗೆಗಳ ಜೊತೆ ಕಂಪನಿಯಿಂದ ಒಬ್ಬ ತರಬೇತುದಾರನೂ ಬಂದ. ಮಡಿಕೆ ಮುರಿಯದ ಅಂಗಿ, ಕೊರಳಲ್ಲಿ ಗುರುತಿನ ಚೀಟಿ, ಮಾತಿಗೊಮ್ಮೆ 'ತುಂಬಾ ಸುಲಭ'. ಶಿಕ್ಷಕರೆಲ್ಲ ಗ್ರಂಥಾಲಯದ ಉದ್ದ ಮೇಜಿನ ಸುತ್ತ ಕೂತರು.

"ಅಕ್ಷರ ದೊಡ್ಡದು ಬೇಕಾ? ಹೀಗೆ ಎರಡು ಬೆರಳಲ್ಲಿ ಹಿಗ್ಗಿಸಿ. ತುಂಬಾ ಸುಲಭ."

ದಪ್ಪ ಕನ್ನಡಕದ ಗಣಿತದ ಮೇಷ್ಟ್ರು ಒಂದೊಂದು ಅಕ್ಷರವನ್ನೂ ಹೆಬ್ಬೆರಳಿನಷ್ಟು ಮಾಡಿಕೊಂಡು, "ಛೆ, ಇದು ಮೊದಲೇ ಬಂದಿದ್ರೆ ನಾನೂ ನಾಲ್ಕು ಪುಸ್ತಕ ಓದ್ತಿದ್ದೆ" ಎಂದರು.

"ಓದದೇ ಇರೋಕೆ ಕಣ್ಣು ಕಾರಣ ಆಗಿತ್ತಾ ಸಾರ್?" ಎಂದರು ಆಟದ ಮೇಷ್ಟ್ರು. ಎಲ್ಲರೂ ನಕ್ಕರು.

"ಇನ್ನು ಇದು ನೋಡಿ," ಎಂದ ತರಬೇತುದಾರ. "ಓದೋಕೆ ತಡವರಿಸೋ ಮಕ್ಕಳಿಗೆ ಇದು ವರ ಇದ್ದ ಹಾಗೆ. ಈ ಕಿವಿಯ ಚಿತ್ರ ಒತ್ತಿದ್ರೆ ಸಾಕು, ತಾನೇ ಓದಿ ಹೇಳುತ್ತೆ."

ಒತ್ತಿದ.

"ಹೊಳೆಯ ದಂಡೆಯಲ್ಲಿ ಒಬ್ಬ ಅಂಬಿಗನಿದ್ದ," ಎಂದಿತು ರೀಡರು. "ಅವನ ದೋಣಿಗೆ ಸಾವಿರ ತೇಪೆ. ಸಂಜೆಯಾದರೆ ಸಾಕು, ಅವನು ಆ ದೋಣಿಯ ಜೊತೆ ಜಗಳಕ್ಕೆ ನಿಲ್ಲುತ್ತಿದ್ದ."

ಗ್ರಂಥಪಾಲಕಿ ತಟ್ಟನೆ ತಲೆ ಎತ್ತಿದಳು.

ಅದು ಅಕ್ಕನ ದನಿ.

ಅಕ್ಕನ ದನಿಯಂಥ ದನಿ ಅಲ್ಲ, ಅಕ್ಕನದೇ. ಚಿಕ್ಕಂದಿನಲ್ಲಿ ಗೋಡೆ ಹತ್ತಿ ಬಿದ್ದು ಅಕ್ಕ ಮುಂದಿನ ಹಲ್ಲಿನ ಒಂದು ಚೂರು ಕಳೆದುಕೊಂಡಿದ್ದಳು. ಅಂದಿನಿಂದ ಅವಳು 'ಸ' ಎಂದಾಗಲೆಲ್ಲ ಅದರ ಬಾಲಕ್ಕೆ ಒಂದು ಸಣ್ಣ ಸೀಟಿ. ಸಾವಿರ ಎಂಬಲ್ಲಿ ಆ ಸೀಟಿ ಇತ್ತು. ಸಂಜೆ ಎಂಬಲ್ಲೂ ಇತ್ತು. ಜಗಳ ಎಂಬ ಮಾತನ್ನು ಸಕ್ಕರೆ ಚೀಪಿದಂತೆ ಹೇಳುವ ಆ ರೀತಿ ಈ ಲೋಕದಲ್ಲಿ ಇನ್ನೊಬ್ಬರಿಗೆ ಇರುವುದು ಸಾಧ್ಯವೇ ಇರಲಿಲ್ಲ.

"ಇದು ಯಾರ ದನಿ?" ಎಂದು ಕೇಳಿದಳು.

"ಯಾರದೂ ಅಲ್ಲ ಮೇಡಂ, ಯಂತ್ರದ್ದು. ದನಿ ಒಂದು ಅಂದ್ರೆ ಗಂಡಸಿನದು, ದನಿ ಎರಡು ಅಂದ್ರೆ ಹೆಂಗಸಿನದು."

"ಮೊದಲು ಯಾರಾದ್ರೂ ಓದಿರಬೇಕಲ್ಲ?"

"ಹಾಂ, ಮೂಲದಲ್ಲಿ ಯಾರೋ ಒಬ್ಬರು ಕೂತು ಓದಿರ್ತಾರೆ. ಒಂದಷ್ಟು ವಾಕ್ಯ ಸಿಕ್ಕಿದ್ರೆ ಆಯ್ತು, ಮಿಕ್ಕಿದ್ದನ್ನೆಲ್ಲ ಯಂತ್ರವೇ ಹೆಣೆದುಕೊಳ್ಳುತ್ತೆ. ಆಮೇಲೆ ಆ ಮನುಷ್ಯರ ಅಗತ್ಯ ಇಲ್ಲ. ಇದ್ರೂ ಒಂದೇ, ಸತ್ರೂ ಒಂದೇ." ಅವನು ನಕ್ಕ. "ತುಂಬಾ ಸುಲಭ."

ಅವಳು ಗರಬಡಿದವಳಂತೆ ಕುರ್ಚಿಯ ತೋಳು ಹಿಡಿದು ಕೂತುಬಿಟ್ಟಳು. ಬೆನ್ನುನೋವಿರಬೇಕು ಎಂದು ಆಟದ ಮೇಷ್ಟ್ರು ಮತ್ತೊಂದು ಲೋಟ ನೀರು ತಂದರು.

ಮರುದಿನ ನಾಲ್ಕನೇ ತರಗತಿಯ ಗ್ರಂಥಾಲಯದ ಅವಧಿ. ನಲವತ್ತು ಮಕ್ಕಳು, ನಲವತ್ತು ರೀಡರು. ಕಿವಿಗೆ ಹಾಕುವ ಇಯರ್‌ಫೋನು ಮುಂದಿನ ವಾರ ಬರುತ್ತದೆ, ಅಲ್ಲಿಯವರೆಗೆ ಕಿವಿಯ ಚಿತ್ರ ಒತ್ತಬೇಡಿ ಎಂದು ಅವಳು ಮೂರು ಸಲ ಹೇಳಿದಳು. ಬೇಡ ಎಂದದ್ದನ್ನು ಬಿಡುವ ಮಕ್ಕಳು ಯಾವ ಊರಲ್ಲಿದ್ದಾರೆ? ಕಿಟಕಿಯ ಪಕ್ಕದಿಂದ ಒಂದು ಶುರುವಾಯಿತು, ಅದರ ಹಿಂದೆ ಇನ್ನೊಂದು. ನೋಡನೋಡುತ್ತಿದ್ದಂತೆ ಇಡೀ ಕೋಣೆ ಅಕ್ಕನಾಯಿತು. ಒಂದು ಮೂಲೆಯಲ್ಲಿ ಅಕ್ಕ ಅಂಬಿಗನ ಕಥೆ ಹೇಳುತ್ತಿದ್ದಳು, ಇನ್ನೊಂದು ಮೂಲೆಯಲ್ಲಿ ನಕ್ಷತ್ರಗಳ ಬಗ್ಗೆ, ಬಾಗಿಲ ಬಳಿ ಆನೆಯ ದಂತದ ಬಗ್ಗೆ. ಒಬ್ಬ ತುಂಟ ವೇಗ ಹೆಚ್ಚಿಸಿ ಅಕ್ಕನನ್ನು ಗಡಗಡ ಓಡಿಸಿದ. ಇನ್ನೊಬ್ಬ ನಿಧಾನ ಮಾಡಿ ಅವಳನ್ನು ಕುಡಿದವಳಂತೆ ತೊದಲಿಸಿದ. ಮಕ್ಕಳು ಬಿದ್ದು ಬಿದ್ದು ನಕ್ಕರು.

"ಉಶ್!" ಎಂದಳು ಅವಳು. ಅದು ಅವಳಿಗೇ ಕೇಳಿಸಲಿಲ್ಲ.

ಬೀರುವಿನ ಸಂದಿಯಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ರೀಡರನ್ನು ಕೆನ್ನೆಗೆ ಒತ್ತಿಕೊಂಡು ಕೂತಿದ್ದಳು. ಕಾಗದದ ಪುಸ್ತಕ ಕೊಟ್ಟಾಗ ಒಂದು ಸಾಲು ದಾಟಲು ತಿಣುಕುತ್ತಿದ್ದ ಹುಡುಗಿ. ಈಗ ಅವಳ ಬಾಯಿ ಅರ್ಧ ತೆರೆದಿತ್ತು, ಕಣ್ಣು ಎಲ್ಲೋ ಹೊಳೆಯ ದಂಡೆಯಲ್ಲಿತ್ತು.

"ಈ ಆಂಟಿ ತುಂಬಾ ಚೆನ್ನಾಗಿ ಹೇಳ್ತಾರೆ ಮೇಡಂ," ಎಂದಳು. "ತಪ್ಪು ಓದಿದ್ರೆ ನಗಲ್ಲ."

ಗ್ರಂಥಪಾಲಕಿ ಹೊರಗೆ ಬಂದು ನಲ್ಲಿಯ ಕೆಳಗೆ ಮುಖ ಹಿಡಿದಳು. ಆ ವಯಸ್ಸಿನಲ್ಲಿ ಅವಳೂ ಹಾಗೇ ಇದ್ದಳು. ಅಕ್ಷರ ಹತ್ತಿರಲಿಲ್ಲ. ಒಂದೇ ಹಾಸಿಗೆ, ಒಂದೇ ಕಂಬಳಿ. ಅಕ್ಕ ಓದುತ್ತಿದ್ದಳು, ಇವಳು ಅಕ್ಕನ ತೋಳಿಗೆ ಕೆನ್ನೆ ಒತ್ತಿ ಕೇಳುತ್ತಿದ್ದಳು.

ಅವಳ ಗಂಡ ಲಿಫ್ಟುಗಳನ್ನು ರಿಪೇರಿ ಮಾಡುವವನು, ನಿಂತುಹೋದದ್ದನ್ನು ನಡೆಸುವುದರಲ್ಲಿ ನಂಬಿಕೆ ಇಟ್ಟವನು. ಸಂಜೆ ಅವನ ಮುಂದೆ ಎಲ್ಲವನ್ನೂ ಹೇಳಿಕೊಂಡಾಗ ಅವನು ಕೈಯ ಗ್ರೀಸು ಒರೆಸುತ್ತ ಕೇಳಿಸಿಕೊಂಡ.

"ಹನ್ನೊಂದು ವರ್ಷ ಆಯ್ತಲ್ವಾ?"

"ಹೂಂ."

ಹನ್ನೊಂದು ವರ್ಷದ ಹಿಂದೆ ಅಮ್ಮ ಆಸ್ಪತ್ರೆಯಲ್ಲಿದ್ದಳು. ವಾಸಿಯಾಗುವ ಕಾಯಿಲೆಯಲ್ಲ ಎಂದು ಡಾಕ್ಟರು ಹೆಣ್ಣುಮಕ್ಕಳಿಬ್ಬರನ್ನೂ ಕರೆದು ಹೇಳಿದ್ದರು. ಅಮ್ಮನಿಗೆ ತಿಳಿಸಬಾರದು ಎಂದು ಇವಳು ಪಟ್ಟು ಹಿಡಿದಳು. ಅಕ್ಕ ಸರಿಯೆಂದಳೋ ಇಲ್ಲವೋ ಇವಳಿಗೆ ನೆನಪಿಲ್ಲ; ಮಾತ್ರೆ ತರಲು ಹೋಗಿ ಬರುವಷ್ಟರಲ್ಲಿ ಅಕ್ಕ ಅಮ್ಮನಿಗೆ ಹೇಳಿಬಿಟ್ಟಿದ್ದಳು. ಅಮ್ಮ ಗೋಡೆಯ ಕಡೆ ಮಗ್ಗುಲಾದಳು. ಆ ವಾರವೇ ಹೋದಳು. ಆಸ್ಪತ್ರೆಯ ಹಜಾರದಲ್ಲಿ, ನಾಲ್ಕು ಜನರ ಎದುರು, ಇವಳು ಅಕ್ಕನಿಗೆ ಅಂದುಬಿಟ್ಟಳು: "ಕಾಯಿಲೆ ಅಲ್ಲ, ನಿನ್ನ ಬಾಯಿ ಅಮ್ಮನ್ನ ಕೊಂದಿದ್ದು. ಇನ್ಮೇಲೆ ನಿನ್ನ ದನಿ ನನ್ನ ಕಿವಿಗೆ ಬೀಳಬಾರದು."

ಓಣಿಯ ಈ ತುದಿಯಿಂದ ಆ ತುದಿಯ ಹಾಲಿನವನನ್ನು ನಿಲ್ಲಿಸುತ್ತಿದ್ದ ಅಕ್ಕ. ಬೀದಿಯವರೆಲ್ಲ 'ರೇಡಿಯೋ' ಎಂದು ಕರೆಯುತ್ತಿದ್ದ ಅಕ್ಕ. ಅವತ್ತು ಅವಳ ಬಾಯಿಂದ ಒಂದು ಅಕ್ಷರ ಹೊರಡಲಿಲ್ಲ. ಚೀಲ ಎತ್ತಿಕೊಂಡು ಮೆಟ್ಟಿಲಿಳಿದು ಹೋದಳು. ಮುತ್ತು ಒಡೆದರೆ ಹೋಯ್ತು, ಮಾತು ಆಡಿದರೆ ಹೋಯ್ತು ಎನ್ನುತ್ತಾರಲ್ಲ, ಹಾಗೆ.

"ಸತ್ತವರ ದನಿ ಕೇಳಿಸಿದ್ರೆ ಹೆದರಬೇಕು," ಎಂದ ಗಂಡ. "ಬದುಕಿರೋರ ದನಿ ಕೇಳಿಸಿದ್ರೆ ಹೋಗಿ ಮಾತಾಡಿಸಬೇಕು. ಅದಕ್ಕೆ ಇಷ್ಟು ಯಾಕೆ ನಡುಗ್ತೀಯ?"

"ಬದುಕಿದಾಳೋ ಇಲ್ವೋ ಅದೇ ಗೊತ್ತಿಲ್ವಲ್ಲರೀ."

ಆ ಮಾತು ತನ್ನ ಬಾಯಿಂದಲೇ ಬಂದದ್ದು ಕೇಳಿ ಅವಳು ಬೆಚ್ಚಿದಳು. ಒಡಹುಟ್ಟಿದವಳು ಇದ್ದಾಳೋ ಇಲ್ಲವೋ ತಿಳಿಯದೆ ಇಷ್ಟು ವರ್ಷ ಉಂಡು, ಮಲಗಿ, ಪುಸ್ತಕಕ್ಕೆ ಅಂಟು ಹಚ್ಚಿಕೊಂಡು ಇದ್ದುಬಿಟ್ಟೆನೇ?

ಮರುದಿನ ಶಾಲೆ ಬಿಟ್ಟ ಮೇಲೆ ಅವಳು ಗ್ರಂಥಾಲಯದ ಬಾಗಿಲು ಮುಂದೆ ಮಾಡಿಕೊಂಡು ಒಬ್ಬಳೇ ಕೂತಳು. ರೀಡರಿನಲ್ಲಿ ಟಿಪ್ಪಣಿ ಬರೆಯುವ ಜಾಗವೊಂದಿತ್ತು. ಮಕ್ಕಳು ಪಾಠದ ಪ್ರಶ್ನೆಗಳನ್ನು ಅಲ್ಲಿ ಬರೆದುಕೊಳ್ಳಲಿ ಎಂದು ಕೊಟ್ಟದ್ದು. ಅಲ್ಲಿ ಬರೆದದ್ದನ್ನೂ ಅದು ಓದುತ್ತದೆಯೇ? ನೋಡೋಣ ಎಂದು ಅವಳು ಬರೆದಳು: 'ಪುಟ್ಟಿ.'

ಕಿವಿಯ ಚಿತ್ರ ಒತ್ತಿದಳು.

"ಪುಟ್ಟಿ," ಎಂದಳು ಅಕ್ಕ.

ಅಮ್ಮ ಹೋದ ಮೇಲೆ ಆ ಹೆಸರಿನಿಂದ ಅವಳನ್ನು ಯಾರೂ ಕರೆದಿರಲಿಲ್ಲ. ಮೈಯ ರೋಮ ನಿಂತಿತು. ಕೈ ತಡೆಯಲಿಲ್ಲ. ಇನ್ನೊಂದು ಸಾಲು ಬರೆದಳು.

"ಪುಟ್ಟಿ, ನನಗೆ ನಿನ್ನ ಮೇಲೆ ಕೋಪ ಇಲ್ಲ ಕಣೇ," ಎಂದಳು ಅಕ್ಕ. ತಡೆಯಿಲ್ಲ, ಬಿಗುಮಾನವಿಲ್ಲ. ನಿನ್ನೆ ಆನೆಯ ದಂತದ ಬಗ್ಗೆ ಹೇಳಿದ್ದಳಲ್ಲ, ಅದೇ ಹದ, ಅದೇ ಮೃದು.

ಅವಳು ಬಿಕ್ಕಿದಳು. ಇನ್ನೊಮ್ಮೆ ಒತ್ತಿದಳು. ಅಕ್ಕ ಇನ್ನೊಮ್ಮೆ ಕ್ಷಮಿಸಿದಳು. ಆಮೇಲೆ ಯಾವ ಭೂತ ಹೊಕ್ಕಿತೋ, ಮೂರನೇ ಸಾಲನ್ನೂ ಬರೆದಳು. "ಅಮ್ಮನಿಗೆ ನಾನು ಹೇಳಬಾರದಿತ್ತು, ತಪ್ಪು ನನ್ನದೇ," ಎಂದಳು ಅಕ್ಕ, ಅಷ್ಟೇ ಸಿಹಿಯಾಗಿ.

ಹಾವು ತುಳಿದವಳಂತೆ ಅವಳು ರೀಡರನ್ನು ಮೇಜಿನ ಮೇಲೆ ಕುಕ್ಕಿದಳು. ಇದು ತಾನು ಮಾಡಿದ ಕೆಲಸವೇ? ಒಡಹುಟ್ಟಿದವಳ ಗಂಟಲೊಳಗೆ ಕೈ ಹಾಕಿ ಬೇಕಾದ ಮಾತು ಎಳೆದುಕೊಂಡಂತಾಯಿತಲ್ಲ! ಅಕ್ಕ ಕೋಪವಿದ್ದರೆ ಇದೆ ಎನ್ನುವವಳು. ತಪ್ಪಲ್ಲದ್ದನ್ನು ತಪ್ಪೆಂದು ಸತ್ತರೂ ಒಪ್ಪದವಳು. ಯಾವ ಬಾಯಿಯನ್ನು ನಿಜ ಹೇಳಿದ್ದಕ್ಕೆ ಶಪಿಸಿದ್ದಳೋ ಅದೇ ಬಾಯಲ್ಲಿ ಈಗ ಸುಳ್ಳು ಹೇಳಿಸಿದ್ದಳು. ಸಾಲುಗಳನ್ನು ಅಳಿಸದೆಯೇ ಎದ್ದು ಹೊರಟಳು.

ಮನೆಗೆ ಬಂದವಳೇ ಚಿಕ್ಕಮ್ಮನಿಗೆ ಫೋನು ಮಾಡಿದಳು. ನೆಂಟರಿಷ್ಟರ ಸುದ್ದಿಗಳಿಗೆಲ್ಲ ಚಿಕ್ಕಮ್ಮನೇ ಅಂಚೆ ಕಚೇರಿ.

"ಚಿಕ್ಕಮ್ಮ, ಅಕ್ಕ ಎಲ್ಲಿದಾಳೆ? ಇದಾಳಾ?"

"ಇಲ್ದೆ ಎಲ್ಲಿ ಹೋಗ್ತಾಳೆ? ಹೋದ ವಾರ ತಾನೇ ಮಾತಾಡಿದ್ಲು."

"ನಿಮಗೆ ಗೊತ್ತಿತ್ತಾ? ಇಷ್ಟು ವರ್ಷ?"

"ಗೊತ್ತಿತ್ತು. ನೀನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ." ಚಿಕ್ಕಮ್ಮ ಉಸಿರು ಎಳೆದುಕೊಂಡಳು. "ಪ್ರತಿ ಸಲ ಫೋನ್ ಮಾಡ್ದಾಗ್ಲೂ ಇವತ್ತು ಕೇಳ್ತೀಯ, ಇವತ್ತು ಕೇಳ್ತೀಯ ಅಂತ ಕಾದೆ ಕಣೇ. ಬಸ್ಸಲ್ಲಿ ಅರ್ಧ ದಿನದ ದಾರಿ. ಬಸ್ ನಿಲ್ದಾಣದಲ್ಲಿ ಕೆಲಸ. ಯಾವ ಬಸ್ಸು ಎಲ್ಲಿಗೆ ಅಂತ ಮೈಕಲ್ಲಿ ಕೂಗೋದು."

ಯಾರೂ ಮುಚ್ಚಿಟ್ಟಿರಲಿಲ್ಲ. ಬಾಗಿಲಿಗೆ ಚಿಲಕವೇ ಇರಲಿಲ್ಲ. ಅವಳು ದೂಡಿ ನೋಡಿರಲಿಲ್ಲ, ಅಷ್ಟೇ.

ಆ ಶನಿವಾರ ಮುಖ್ಯೋಪಾಧ್ಯಾಯಿನಿಯ ಅಪ್ಪಣೆ ಪಡೆದು ಟಿಪ್ಪಣಿ ಬರೆದಿದ್ದ ಆ ರೀಡರನ್ನೇ ಚೀಲದಲ್ಲಿ ಹಾಕಿಕೊಂಡು ಹೊರಟಳು. ಮಧ್ಯಾಹ್ನ ಬಸ್ಸಿಳಿದು ಕಾಲೂರುವಷ್ಟರಲ್ಲಿ ತಲೆಯ ಮೇಲಿನ ಧ್ವನಿವರ್ಧಕ ಕೂಗಿತು: "ಪ್ರಯಾಣಿಕರ ಗಮನಕ್ಕೆ. ಸೇತುವೆ ದಾಟಿ ಹೋಗುವ ಬಸ್ಸು ಮೂರನೇ ಸಾಲಿನಲ್ಲಿ ನಿಂತಿದೆ."

ಸೇತುವೆಗೊಂದು ಸೀಟಿ, ಬಸ್ಸಿಗೊಂದು ಸೀಟಿ. ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಜನರನ್ನು ತಳ್ಳಿಕೊಂಡು, ವೈರು ಹೋದ ದಿಕ್ಕಿಗೆ ಕತ್ತೆತ್ತಿ ನೋಡುತ್ತ ಓಡಿದಳು. ಟಿಕೆಟ್ಟಿನ ಕಿಟಕಿಗಳ ಹಿಂದೆ ಗಾಜಿನ ಬಾಗಿಲ ಕೋಣೆಯೊಂದಿತ್ತು. ಒಳಗೆ ಮೈಕಿನ ಮುಂದೆ ಒಂದು ಕುರ್ಚಿ.

ಕುರ್ಚಿ ಖಾಲಿ ಇತ್ತು. "ಏಳನೇ ಸಾಲಿನ ಬಸ್ಸು ತಡವಾಗಿ ಹೊರಡಲಿದೆ," ಎಂದಳು ಅಕ್ಕ, ಯಾರೂ ಇಲ್ಲದ ಆ ಕೋಣೆಯಿಂದ. ಮೇಜಿನ ಮೇಲೆ ಒಂದು ಪೆಟ್ಟಿಗೆಯಲ್ಲಿ ಹಸಿರು ದೀಪ ಮಿಣುಕುತ್ತಿತ್ತು.

ಅವಳು ಗಾಜಿಗೆ ಮುಖ ಒತ್ತಿ ಒಳಗೆ ಇಣುಕಿದಳು.

"ಒಳಗೆ ಯಾರೂ ಇರಲ್ಲಮ್ಮ," ಎಂದ ಕಾವಲಿನವನು. "ಅದು ತಾನೇ ಕೂಗುತ್ತೆ."

"ಮೊದಲು ಕೂಗ್ತಿದ್ದವರು?"

"ಅವರಾ? ಕಳೆದ ಸಾಮಾನಿನ ಕೋಣೇಲಿ ಕೂರಿಸಿದಾರೆ. ಅಗೋ, ಶೌಚಾಲಯದ ಪಕ್ಕ."

ಅದೊಂದು ಕಿರಿದಾದ ಕೋಣೆ. ಒಂಟಿ ಚಪ್ಪಲಿಗಳು, ಊಟದ ಡಬ್ಬಿಗಳು, ಗೊಂಚಲು ಗೊಂಚಲು ಕೊಡೆಗಳು. ಅವುಗಳ ನಡುವೆ ನರೆಗೂದಲ ದಪ್ಪ ಹೆಂಗಸೊಬ್ಬಳು ತಲೆ ಬಗ್ಗಿಸಿ ಯಾವುದೋ ಕೊಡೆಗೆ ಚೀಟಿ ಕಟ್ಟುತ್ತಿದ್ದಳು.

"ಏನ್ ಕಳ್ಕೊಂಡ್ರಿ?" ಎಂದಳು, ತಲೆ ಎತ್ತದೆ.

ಒಡೆದ ಮಡಕೆಯ ದನಿ. ಗಂಟಲಲ್ಲಿ ಮರಳು ಉಜ್ಜಿದಂಥ ದನಿ. ಗ್ರಂಥಪಾಲಕಿ ಬಾಗಿಲಲ್ಲೇ ನಿಂತಳು. ಇವಳಲ್ಲ. ಬೇರೆ ಯಾರೋ ಇರಬೇಕು.

"ಇಲ್ಲಿ ಮೊದಲು ಮೈಕಿನಲ್ಲಿ ಕೂಗ್ತಿದ್ದವರು…"

ಹೆಂಗಸು ತಲೆ ಎತ್ತಿದಳು. ಕೈಯಲ್ಲಿದ್ದ ದಾರದುಂಡೆ ಉರುಳಿ ಹೋಯಿತು.

"ಪುಟ್ಟಿ?"

ಕಣ್ಣು ಅಕ್ಕನದು. ಹುಬ್ಬು ಅಕ್ಕನದು. ಆದರೆ ಆ ಹೆಸರನ್ನು ಕರೆದ ದನಿ ಅಪರಿಚಿತೆಯದು. ಮೂರು ದಿನದ ಹಿಂದೆ ಯಂತ್ರ ಕರೆದಾಗ ಅವಳ ಮೈ ಜುಮ್ಮೆಂದಿತ್ತು, ಈಗ ಅಕ್ಕನೇ ಕರೆದಾಗ ಯಾರೋ ಎಂದಿತು ಮನಸ್ಸು. ಆ ಯೋಚನೆಗೆ ಅವಳು ತಾನೇ ಹೌಹಾರಿದಳು.

"ನಿನ್ನ ದನಿಗೆ ಏನಾಯ್ತಕ್ಕ?"

"ಹನ್ನೊಂದು ವರ್ಷದ ಮೇಲೆ ಬಂದು ಮೊದಲು ಕೇಳೋದು ಅದನ್ನಾ?" ಅಕ್ಕ ಸ್ಟೂಲೊಂದನ್ನು ಕಾಲಲ್ಲೇ ಅವಳತ್ತ ತಳ್ಳಿದಳು. "ಕೂತ್ಕೋ. ಬಸ್ಸಿನ ಹೊಗೆ ಕುಡ್ಕೊಂಡು ದಿನಾ ಕೂಗಿದ್ರೆ ಇನ್ನೇನಾಗುತ್ತೆ? ಗಂಟಲು ಹೋಯ್ತು. ಪುಣ್ಯಕ್ಕೆ ಅದಕ್ಕೆ ಮುಂಚೆನೇ ಒಂದು ಕೋಣೇಲಿ ಕೂರಿಸಿ ಏನೇನೋ ಓದಿಸಿ ತುಂಬಿಸ್ಕೊಂಡಿದ್ರು, ಬಸ್ಸಿಗೆ ಅಂತ. ಹಲ್ಲೂ ಕಟ್ಟಿಸ್ಕೊಂಡೆ, ನೋಡು."

ಹಲ್ಲು ತೋರಿಸಿದಳು. ಸಾಲು ನೆಟ್ಟಗಿತ್ತು. ಅದಕ್ಕೇ ಅವಳ ಮಾತಲ್ಲಿ ಸೀಟಿ ಇರಲಿಲ್ಲ.

ಗ್ರಂಥಪಾಲಕಿ ಚೀಲದಿಂದ ರೀಡರು ತೆಗೆದು ಕಿವಿಯ ಚಿತ್ರ ಒತ್ತಿದಳು. ಹೊಳೆಯ ದಂಡೆಯ ಅಂಬಿಗ ಮಾತಿಗೆ ಬಂದ.

ಅಕ್ಕನ ಮುಖದ ಬಣ್ಣ ಇಳಿಯಿತು. ಎರಡು ಪುಟ ಮುಗಿಯುವವರೆಗೂ ಅವಳು ರೆಪ್ಪೆ ಬಡಿಯಲಿಲ್ಲ.

"ಈ ಕಥೆ ನಾನು ಓದೇ ಇಲ್ಲ," ಎಂದಳು ಕೊನೆಗೆ. "ನಮ್ಮಪ್ಪನಾಣೆ ಓದಿಲ್ಲ. ಇದನ್ನ ಯಾರು ಹೇಳ್ತಿರೋದು?"

"ನೀನೇ. ನಮ್ಮ ಶಾಲೇಲಿ ನಲವತ್ತು ಇವೆ. ಏನು ಕೊಟ್ರೂ ಓದುತ್ತೆ."

"ಏನು ಕೊಟ್ರೂ ಅಂದ್ರೆ?"

ಇಲ್ಲಿ ತಂಗಿ ಸುಳ್ಳು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಅಕ್ಕನ ಆ ನೋಟದ ಮುಂದೆ ಚಿಕ್ಕಂದಿನಲ್ಲೂ ಅವಳ ಸುಳ್ಳು ನಡೆದಿರಲಿಲ್ಲ. ಟಿಪ್ಪಣಿ ಬರೆದದ್ದನ್ನು ಹೇಳಿಬಿಟ್ಟಳು.

"ಕೇಳಿಸು," ಎಂದಳು ಅಕ್ಕ.

"ಬೇಡಕ್ಕ."

"ನನ್ನ ಬಾಯಲ್ಲಿ ಏನು ಹೇಳಿಸಿದೀಯ ಅಂತ ನಾನು ಕೇಳ್ಬಾರ್ದಾ? ಕೇಳಿಸು."

"ಪುಟ್ಟಿ, ನನಗೆ ನಿನ್ನ ಮೇಲೆ ಕೋಪ ಇಲ್ಲ ಕಣೇ," ಎಂದಿತು ರೀಡರು. "ಅಮ್ಮನಿಗೆ ನಾನು ಹೇಳಬಾರದಿತ್ತು, ತಪ್ಪು ನನ್ನದೇ."

ಹೊರಗೆ ಬಸ್ಸೊಂದು ಹಾರ್ನ್ ಹೊಡೆಯಿತು. ಅಕ್ಕ ಎದ್ದು ನಿಂತಳು, ಮತ್ತೆ ಕೂತಳು. ಅವಳ ಕತ್ತಿನ ನರ ಉಬ್ಬಿತ್ತು.

"ಸುಳ್ಳು!" ಎಂದಳು. ಆ ಒಡಕು ಗಂಟಲಿಗೆ ಅಷ್ಟು ಜೋರಿದೆಯೆಂದು ಕೊಡೆಗಳಿಗೂ ಗೊತ್ತಿರಲಿಕ್ಕಿಲ್ಲ. "ಕೋಪ ಇತ್ತು. ಈಗ್ಲೂ ಇದೆ. ಹೊಟ್ಟೆ ಉರಿಯೋವಷ್ಟು ಇದೆ. ಅಮ್ಮ ನನ್ನ ಕೈ ಹಿಡ್ಕೊಂಡು, 'ಚಿಕ್ಕೋಳು ಹೇಳಲ್ಲ, ನೀನಾದ್ರೂ ನಿಜ ಹೇಳು' ಅಂದ್ಲು. ಹೇಳ್ದೆ. ನಾಳೆ ಅವಳೇ ಎದ್ದು ಬಂದು ಕೇಳಿದ್ರೂ ಹೇಳ್ತೀನಿ. ತಪ್ಪು ನನ್ನದಂತೆ!"

ಅಮ್ಮನೇ ಕೇಳಿದ್ದಳೇ? ಗೋಡೆಯ ಕಡೆ ತಿರುಗಿ ಮಲಗಿದ ಆ ಬೆನ್ನನ್ನು ತಂಗಿ ಇಷ್ಟು ವರ್ಷ ಬೇರೆಯೇ ಅರ್ಥದಲ್ಲಿ ನೋಡುತ್ತಿದ್ದಳು.

"ನನಗೆ ಯಾಕೆ ಹೇಳ್ಲಿಲ್ಲ ಅವತ್ತು?"

"ನನ್ನ ದನಿ ಕೇಳಿಸ್ಬಾರ್ದು ಅಂದ್ಯಲ್ಲ."

ಕನ್ನಡಕ ಕಳೆದುಕೊಂಡ ಮುದುಕನೊಬ್ಬ ಬಂದ. ಅಕ್ಕ ಮೂಗೊರೆಸಿಕೊಂಡು ಒಂದು ಟ್ರೇ ತುಂಬ ಕನ್ನಡಕ ಅವನ ಮುಂದಿಟ್ಟಳು. ಅವನು ಒಂದೊಂದನ್ನೇ ಹಾಕಿಕೊಂಡು ಇಬ್ಬರ ಮುಖವನ್ನೂ ದಿಟ್ಟಿಸಿ, ಏಳನೆಯದರಲ್ಲಿ ತನ್ನದನ್ನು ಗುರುತಿಸಿದ.

"ಆದ್ರೂ ಅಮ್ಮನಿಗೆ ಹೇಳ್ಬಾರ್ದಿತ್ತು ಅಂತ್ಲೇ ನನಗನ್ಸುತ್ತೆ," ಎಂದಳು ತಂಗಿ, ಮುದುಕ ಹೋದ ಮೇಲೆ. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. "ಆದ್ರೆ ನಿನಗೆ ನಾನು ಹಾಗನ್ನಬಾರ್ದಿತ್ತು."

"ಅನ್ನಬಾರ್ದಿತ್ತು," ಎಂದಳು ಅಕ್ಕ. ಆಮೇಲೆ ತನ್ನ ಊಟದ ಡಬ್ಬಿ ತೆಗೆದು ಮುಚ್ಚಳದಲ್ಲಿ ಅರ್ಧ ಹಾಕಿ ಅವಳ ಮುಂದೆ ತಳ್ಳಿದಳು. "ತಿನ್ನು. ಮುಖ ನೋಡು, ಒಣಗಿದ ಕಡ್ಡಿ ಆಗಿದೀಯ."

ಇಷ್ಟಕ್ಕೇ ಮುಗಿಯಿತೆಂದು ಗ್ರಂಥಪಾಲಕಿ ಅಂದುಕೊಂಡಿದ್ದಳು. ಇಯರ್‌ಫೋನುಗಳು ಬಂದವು, ಕೋಣೆ ಮತ್ತೆ ತಣ್ಣಗಾಯಿತು. ನಲವತ್ತು ಮಕ್ಕಳ ಕಿವಿಯಲ್ಲಿ ಹಳೆಯ ಅಕ್ಕ 'ಸ' ಎಂದು ಸೀಟಿ ಹಾಕುತ್ತಿದ್ದಾಳೆ ಎಂಬ ಅರಿವೇ ಅವಳಿಗೆ ಸಮಾಧಾನ ಕೊಡುತ್ತಿತ್ತು. ಎರಡು ಜಡೆಯ ಹುಡುಗಿ ಈಗ ದನಿಯ ಜೊತೆಜೊತೆಗೆ ತುಟಿ ಆಡಿಸುತ್ತಿದ್ದಳು. ಬೆರಳು ಸಾಲಿನ ಮೇಲೆ ಹರಿಯುತ್ತಿತ್ತು.

ತಿಂಗಳೊಂದು ಕಳೆದಿರಬೇಕು. ಒಂದು ಬೆಳಗ್ಗೆ ಆ ಹುಡುಗಿ ಕಿವಿಯಿಂದ ಇಯರ್‌ಫೋನು ಕಿತ್ತು ಓಡಿ ಬಂದಳು.

"ಮೇಡಂ, ಆಂಟಿ ಇಲ್ಲ!"

ಅವಳು ಕಿವಿಗಿಟ್ಟು ನೋಡಿದಳು. ಯಾವುದೋ ಹೊಸ ಹೆಣ್ಣುದನಿ, ಇಸ್ತ್ರಿ ಮಾಡಿದಂತೆ ನುಣುಪು. ಇನ್ನೊಂದು ರೀಡರು, ಮತ್ತೊಂದು. ನಲವತ್ತರಲ್ಲೂ ಅದೇ. ನಿನ್ನೆ ಮಧ್ಯಾಹ್ನದವರೆಗೆ ಇದ್ದದ್ದು ಇಂದು ಇಲ್ಲ. ಲಾರಿ ಬರಲಿಲ್ಲ, ಪೆಟ್ಟಿಗೆ ಕಟ್ಟಲಿಲ್ಲ, ಯಾರೂ ಒಂದು ಮಾತು ಕೇಳಲಿಲ್ಲ. ಪುಸ್ತಕ ಹೋದಾಗ ಆಗದ ಸಂಕಟ ಈಗ ಆಯಿತು. ಹಜಾರಕ್ಕೆ ಓಡಿ ಅಕ್ಕನಿಗೆ ಫೋನು ಮಾಡಿದಳು.

"ಅಕ್ಕ, ನಿನ್ನ ದನಿ ತೆಗೆದುಬಿಟ್ಟಿದಾರೆ!"

"ತೆಗೆದ್ರಾ? ಸದ್ಯ." ಅಕ್ಕ ಕೆಮ್ಮಿದಳು. "ನಾನೇ ತೆಗೆಸಿದ್ದು."

"ಏನು?"

"ಕಂಪನಿಯವರ ಬಾಗಿಲಿಗೆ ಹೋದೆ. ಬಸ್ಸಿಗೆ ಅಂತ ಓದಿದ್ದು ನಾನು, ಊರೋರಿಗೆಲ್ಲ ಹಂಚೋಕೆ ಯಾರು ಹೇಳಿದ್ರು ಅಂತ ಕೇಳ್ದೆ. ಈ ಗಂಟಲಲ್ಲೇ ಕೂಗಿದೆ. ಮೂರು ಸಲ ಹೋದೆ. ಬಸ್ಸಿಗೆ ಇರ್ಲಿ, ಮಿಕ್ಕಿದ್ದು ಅಳಿಸಿ ಅಂದೆ."

"ನನ್ನನ್ನ ಒಂದು ಮಾತು ಕೇಳ್ಬಹುದಿತ್ತಲ್ಲ! ಇಲ್ಲಿ ಮಕ್ಕಳು…"

"ನನ್ನ ದನಿ ನಾನು ವಾಪಸ್ ತಗೊಳ್ಳೋಕೆ ನಿನ್ನ ಕೇಳ್ಬೇಕಾ?" ಅಕ್ಕನ ದನಿ ಸಣ್ಣದಾಯಿತು. "ನೀನೇನೋ ಆಸೆಯಿಂದ ಹೇಳಿಸ್ಕೊಂಡೆ ಪುಟ್ಟಿ. ನಾಳೆ ಇನ್ನೊಬ್ಬ ಹೊಲಸು ಮಾತು ಹೇಳಿಸಿದ್ರೆ? ಅವತ್ತು ನೀನು ಕೇಳಿಸಿದ ಮೇಲೆ ನಾನು ನೆಟ್ಟಗೆ ನಿದ್ದೆ ಮಾಡಿಲ್ಲ ಗೊತ್ತಾ? ನಾನು ಆಡದೇ ಇರೋ ಮಾತು ಎಲ್ಲೆಲ್ಲಿ ಆಡ್ತಿದೀನೋ ಅಂತ."

ಅವಳು ಗೋಡೆಗೆ ಒರಗಿದಳು. ತಪ್ಪಿಲ್ಲ, ಒಂದಿಷ್ಟೂ ತಪ್ಪಿಲ್ಲ. ಆದರೂ ಸಿಟ್ಟು ಬಂತು, ಸಿಟ್ಟಿನಲ್ಲೇ ಫೋನಿಟ್ಟಳು.

ಒಳಗೆ ಹುಡುಗಿ ಕಾಯುತ್ತಿದ್ದಳು. "ಆ ಆಂಟಿ ಸತ್ತೋದ್ರಾ ಮೇಡಂ?"

"ಇಲ್ಲಮ್ಮ. ಇದಾರೆ. ಈಗ ತಾನೇ ನನ್ನ ಜೊತೆ ಜಗಳ ಆಡಿದ್ರು."

ಹುಡುಗಿ ನಂಬಲಿಲ್ಲ. ಅಂಥ ದನಿಯವರು ಜಗಳ ಆಡುವುದುಂಟೇ? ಆ ಹೊಸ ದನಿ ಬೇಡವೇ ಬೇಡ ಎಂದು ರಚ್ಚೆ ಹಿಡಿದಳು. ಗ್ರಂಥಪಾಲಕಿ ಅವಳ ಪಕ್ಕ ನೆಲದ ಮೇಲೆ ಕೂತು ತಾನೇ ಓದತೊಡಗಿದಳು. ಓದಿ ಹೇಳಿ ರೂಢಿಯಿಲ್ಲದ ನಾಲಿಗೆ ಎರಡು ಕಡೆ ಎಡವಿತು. ಹುಡುಗಿ ತಿದ್ದಿದಳು. ಹೌದು, ಆ ಹುಡುಗಿಯೇ, ಪರದೆಯ ಮೇಲೆ ಬೆರಳಿಟ್ಟು, 'ಹಾಗಲ್ಲ ಮೇಡಂ, ಹೀಗೆ' ಎಂದು ಆ ಸಾಲನ್ನು ಓದಿ ತೋರಿಸಿದಳು. ಗ್ರಂಥಪಾಲಕಿ ಬೆಪ್ಪಾಗಿ ಅವಳನ್ನೇ ನೋಡಿದಳು.

ಮುಂದಿನ ಭಾನುವಾರ ಅಕ್ಕ ಮನೆಗೆ ಬಂದಳು. ಬಂದವಳೇ ತಂಗಿಯ ಗಂಡನ ಮೀಸೆ ಬೋಳಿಸಿದರೆ ಮುಖಕ್ಕೆ ಕಳೆ ಬರುತ್ತದೆ ಎಂದಳು, ಅಡುಗೆಮನೆಯ ಕಿಟಕಿ ಇಷ್ಟು ಕೆಳಗೆ ಯಾಕೆ ಎಂದಳು, ಊಟ ಮುಗಿಯುವ ಹೊತ್ತಿಗೆ ಮಾತು ಅಮ್ಮನ ಕಡೆ ತಿರುಗಿತು. ಹೇಳಬೇಕಿತ್ತು, ಹೇಳಬಾರದಿತ್ತು, ಇಬ್ಬರೂ ಒಂದಿಂಚು ಸರಿಯಲಿಲ್ಲ. ಲಿಫ್ಟೊಂದು ನಿಂತಿದೆಯಂತೆ ಎಂದು ಗಂಡ ಮೆಲ್ಲನೆ ಹೊರಬಿದ್ದ. ಅಕ್ಕ ದುಮುದುಮು ಎನ್ನುತ್ತಲೇ ಚೀಲ ಎತ್ತಿಕೊಂಡು ಸಂಜೆಯ ಬಸ್ಸಿಗೆ ಹೊರಟಳು. ತಂಗಿ ಬಾಗಿಲಲ್ಲೇ ನಿಂತು ನೋಡಿದಳು. ಅದೇ ಚೀಲ, ಅದೇ ಬಿರುಸಿನ ನಡಿಗೆ.

ಕಾಲು ಗಂಟೆಗೆ ಫೋನು ಬಂತು.

"ಬಸ್ಸಲ್ಲಿ ಸೀಟ್ ಸಿಕ್ತು," ಎಂದಿತು ಆ ಮರಳು ಮರಳಾದ ದನಿ. "ಈಗ ಹೇಳು, ಅಮ್ಮ ನಿನ್ನನ್ನೇ ಕೇಳಿದ್ರೆ ನೀನೇನು ಹೇಳ್ತಿದ್ದೆ?"

ಈಗಲೂ ಫೋನು ಎತ್ತಿದಾಗಲೆಲ್ಲ ಅವಳು ಅರೆಕ್ಷಣ ಬೆಚ್ಚುತ್ತಾಳೆ, ಯಾರಿದು ಎಂದುಕೊಳ್ಳುತ್ತಾಳೆ. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಉತ್ತರ ಕೊಡಲು ಶುರುಮಾಡುತ್ತಾಳೆ.